ರಾಧೇಯನೆಂಬ ಹೆಸರು: ಒಂದು ದೂರದರ್ಶನ ಕಂತಿನ ವಿಚಾರ

ಒಂದು ದೃಶ್ಯವು ನಮ್ಮ ಕಣ್ಣಿನಲ್ಲಿ ನೀರು ತರಿಸಿದಾಗ, ಆ ನೀರು ಯಾವುದಕ್ಕಾಗಿ ಬಂದಿತೆಂದು ವಿಚಾರಿಸುವುದು ವಿವೇಕಿಯಾದ ಶ್ರಾವಕನಿಗೆ ಉಚಿತವಾದುದು. ಅಳು ಸುಲಭ; ಅಳುವಿನ ಕಾರಣವನ್ನು ಅರಿಯುವುದು ಕಷ್ಟ. ಈ ದೃಷ್ಟಿಯಿಂದ, ನಾಡಿನ ಬಹುಪಾಲು ಕುಟುಂಬಗಳು ನೋಡಿ ಮರುಗಿದ ಒಂದು ದೂರದರ್ಶನ ಕಥಾಭಾಗವನ್ನು ಇಲ್ಲಿ ಪರಿಶೀಲಿಸಲು ಯತ್ನಿಸಿದ್ದೇನೆ.

ಬಿ. ಆರ್. ಚೋಪ್ರಾ ಅವರು ನಿರ್ಮಿಸಿದ ‘ಮಹಾಭಾರತ’ ಧಾರಾವಾಹಿಯು 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ ಭಾನುವಾರದ ಬೆಳಿಗ್ಗೆ 94 ಕಂತುಗಳಲ್ಲಿ ಪ್ರಸಾರವಾಯಿತು. ಆಗ ಕೊಟ್ಟೂರಿನ ನಮ್ಮ ಓಣಿಯಲ್ಲಿ ಟಿ.ವಿ. ಇದ್ದ ಮನೆಗಳು ಎರಡೇ. ಬಸದಿಯ ಪೂಜೆ ಮುಗಿಸಿದವರೂ ಅಂಗಡಿಯ ಬಾಗಿಲು ಅರ್ಧ ತೆರೆದವರೂ ಆ ಎರಡು ಮನೆಗಳ ಪಡಸಾಲೆಯಲ್ಲಿ ಸೇರುತ್ತಿದ್ದರು. ಹಿಂದಿ ಬಾರದ ಹೆಂಗಸರಿಗೂ ಕಥೆ ತಿಳಿಯುತ್ತಿತ್ತು. ಬಯಲಾಟಗಳನ್ನು ನೋಡಿ ಬೆಳೆದ ನಮ್ಮ ಸೀಮೆಯಲ್ಲಿ ಕರ್ಣನ ಕಥೆಯನ್ನು ಯಾರೂ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅದೇ ಧಾರಾವಾಹಿಯು 2020ರ ಲಾಕ್‌ಡೌನ್ ಕಾಲದಲ್ಲಿ ಡಿ.ಡಿ. ಭಾರತಿಯಲ್ಲಿ ಮರುಪ್ರಸಾರವಾಯಿತು. ಮಾರುಕಟ್ಟೆ ಮುಚ್ಚಿತ್ತು, ತಕ್ಕಡಿ ನಿಂತಿತ್ತು. ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾನು ಎರಡನೆಯ ಸಲ ನೋಡಿದೆ.

ಯುದ್ಧಕ್ಕೆ ಮೊದಲು ಶ್ರೀಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಅನಂತರ ಕುಂತಿಯೇ ನದೀತೀರಕ್ಕೆ ಬಂದು ಮಗನೆಂದು ಕರೆಯುತ್ತಾಳೆ. ನಾನು ಹೇಳಹೊರಟಿರುವುದು ಈ ಭಾಗವನ್ನೇ. ಅದನ್ನು ನೋಡುತ್ತಿದ್ದ ಮೊಮ್ಮಗ ಕೇಳಿದ: “ಅಜ್ಜಾ, ಹಂಗಾದ್ರ ಕರ್ಣನೂ ಸೂಪರ್‌ಹೀರೋನೇನು?”

ಪ್ರಶ್ನೆ ಬಾಲಿಶವೆಂದು ನಕ್ಕುಬಿಡಬಹುದಿತ್ತು. ಆದರೆ ಯೋಚಿಸಿದಷ್ಟೂ ಅದರಲ್ಲಿ ತಥ್ಯವಿದೆಯೆಂದು ತೋರಿತು. 1938ರಲ್ಲಿ ಅಮೆರಿಕದ ಜೆರ‍್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ತರುಣರು ಲೋಕಕ್ಕೆ ಪರಿಚಯಿಸಿದ ಸೂಪರ್‌ಮ್ಯಾನ್ ಕೂಡ ಹೆತ್ತವರು ದೂರ ಕಳುಹಿಸಿದ ಶಿಶುವೇ. ಅಳಿಯುತ್ತಿದ್ದ ಗ್ರಹದಿಂದ ಒಂದು ನೌಕೆಯಲ್ಲಿ ಭೂಮಿಗೆ ಬಂದ ಆ ಮಗುವನ್ನು, ಮುಂದೆ ಬೆಳೆದ ಕಥೆಗಳಲ್ಲಿ, ಕೆಂಟ್ ಎಂಬ ಒಕ್ಕಲು ದಂಪತಿಗಳು ಎತ್ತಿಕೊಂಡು ಸಾಕುತ್ತಾರೆ. ಕರ್ಣನದು ನದಿಯಲ್ಲಿ ತೇಲಿಬಂದ ಪೆಟ್ಟಿಗೆ. ಇಬ್ಬರಿಗೂ ಬಲವು ಹುಟ್ಟಿನಿಂದ ಬಂದದ್ದು. ಒಬ್ಬನಿಗೆ ತನ್ನ ಗ್ರಹದಿಂದ, ಇನ್ನೊಬ್ಬನಿಗೆ ಕವಚಕುಂಡಲಗಳ ರೂಪದಲ್ಲಿ. ಇಬ್ಬರ ನಡತೆಯಾದರೋ ಸಾಕಿದ ಮನೆಯಲ್ಲಿ ರೂಪುಗೊಂಡದ್ದು. ಅಮೆರಿಕದ ಕಥೆಗಾರರು ಈ ಎರಡನೆಯ ಮಾತನ್ನು ಮರೆಯಲಿಲ್ಲ. ಒಕ್ಕಲಿಗನ ಮನೆಯ ಸಂಸ್ಕಾರವೇ ತಮ್ಮ ವೀರನ ಒಳ್ಳೆಯತನದ ಬೇರೆಂದು ಮತ್ತೆ ಮತ್ತೆ ತೋರಿಸಿದರು. ನಮ್ಮ ಧಾರಾವಾಹಿಯು ಅದನ್ನು ಮರೆಯಿತೆಂಬುದೇ ನನ್ನ ಮುಖ್ಯ ಆಕ್ಷೇಪ.

ಗುಣವನ್ನು ಮೊದಲು ಹೇಳುವುದು ನ್ಯಾಯ. ಕರ್ಣನ ಪಾತ್ರಧಾರಿ ಪಂಕಜ್ ಧೀರ್ (ಇವರು 2025ರ ಅಕ್ಟೋಬರಿನಲ್ಲಿ ನಿಧನರಾದರು) ಗಾಂಭೀರ್ಯವನ್ನು ಕಳೆದುಕೊಳ್ಳದೆ ದುಃಖವನ್ನು ತೋರಿದ್ದಾರೆ. ರಾಹಿ ಮಾಸೂಮ್ ರಜಾ ಅವರ ಸಂಭಾಷಣೆಯಲ್ಲಿ ತೂಕವಿದೆ. ತಾಯಿಗೆ ಐವರು ಮಕ್ಕಳು ಉಳಿದೇ ಉಳಿಯುವರೆಂದು ಕರ್ಣನು ಮಾತು ಕೊಡುವಾಗ ನಮ್ಮ ಪಡಸಾಲೆಯಲ್ಲಿ ಸದ್ದಡಗಿತ್ತು. ಮೂವತ್ತು ವರ್ಷಗಳ ನಂತರವೂ ಆ ದೃಶ್ಯದ ಶಕ್ತಿ ಕುಂದಿಲ್ಲ.

ಆದರೆ ಆ ಅಳು ಯಾವುದಕ್ಕಾಗಿ? ಅಯ್ಯೋ, ಈತನು ಹಿರಿಯ ಪಾಂಡವ. ಸಿಂಹಾಸನ ತಪ್ಪಿತು, ಹೆತ್ತತಾಯಿ ತಪ್ಪಿದಳು, ಐವರು ತಮ್ಮಂದಿರು ತಪ್ಪಿದರು, ಎಂದು. ದೃಶ್ಯದ ಸಮಸ್ತ ಕರುಣೆಯೂ ರಕ್ತಸಂಬಂಧದ ಕಡೆಗೆ ಹರಿಯುತ್ತದೆ. ಸಾಕಿದ ಮನೆಯು ಕರ್ಣನ ಪಾಲಿಗೆ ಬಂದ ಒಂದು ದುರದೃಷ್ಟವೆಂಬಂತೆ, ಅರಮನೆಗೆ ಬದಲಾಗಿ ದೊರೆತ ಗುಡಿಸಲೆಂಬಂತೆ ನಮ್ಮ ಮನಸ್ಸಿನಲ್ಲಿ ಉಳಿಯುತ್ತದೆ.

ವ್ಯಾಸಭಾರತದ ಉದ್ಯೋಗಪರ್ವವನ್ನು ತೆರೆದು ನೋಡಿದವರಿಗೆ ಬೇರೆಯೇ ಕರ್ಣನು ಕಾಣುತ್ತಾನೆ. ಅಲ್ಲಿ ಕೃಷ್ಣನಿಗೆ ಅವನು ಕೊಡುವ ಉತ್ತರದಲ್ಲಿ ರಾಧೆಯೂ ಅಧಿರಥನೂ ಮೊದಲು ಬರುತ್ತಾರೆ, ದುರ್ಯೋಧನನು ಆಮೇಲೆ. ತನ್ನನ್ನು ಮನೆಗೆ ತಂದ ದಿನವೇ ರಾಧೆಯ ಎದೆಯಲ್ಲಿ ವಾತ್ಸಲ್ಯದಿಂದ ಹಾಲು ಬಂದಿತೆಂದು ಅವನು ನೆನೆಯುತ್ತಾನೆ. ತನ್ನ ಮಲಮೂತ್ರಗಳನ್ನು ಬಳಿದವಳು ಅವಳೆನ್ನುತ್ತಾನೆ. ಅಧಿರಥನು ಜಾತಕರ್ಮ ಮಾಡಿಸಿ, ವಸುಷೇಣನೆಂದು ಹೆಸರಿಡಿಸಿ, ಮದುವೆ ಮಾಡಿಸಿದ್ದನ್ನು ಒಂದೊಂದಾಗಿ ಎಣಿಸುತ್ತಾನೆ. ಇಡೀ ಭೂಮಿಗಾಗಲಿ ಹೊನ್ನಿನ ರಾಶಿಗಾಗಲಿ ಈ ಬಂಧವನ್ನು ಸುಳ್ಳಾಗಿಸಲಾರೆನೆಂದು ಮುಗಿಸುತ್ತಾನೆ. ಕುಂತಿ ಬಂದಾಗಲೂ ರಾಧೆಯ ಮಗ, ಅಧಿರಥನ ಮಗ ಎಂದೇ ಹೇಳಿಕೊಂಡು ನಮಸ್ಕರಿಸುತ್ತಾನೆ. ಅಷ್ಟರಲ್ಲಿ ಅವನಿಗೆ ಸತ್ಯ ತಿಳಿದಾಗಿತ್ತು. ತಿಳಿದೂ ಆ ಹೆಸರನ್ನೇ ಆರಿಸಿಕೊಂಡನು. ಇದು ನಷ್ಟವಲ್ಲ, ಆಯ್ಕೆ. ಧಾರಾವಾಹಿಯಲ್ಲಿ ರಾಧೇಯನೆಂಬ ಹೆಸರು ಕೇಳಿಸುತ್ತದೆ. ಆ ಹೆಸರಿನ ಹಿಂದಿರುವ ಹಾಲು, ಬಟ್ಟೆ, ನಿದ್ದೆಗೆಟ್ಟ ರಾತ್ರಿಗಳು ಕಾಣಿಸುವುದಿಲ್ಲ.

ಇನ್ನೊಂದು ಮರೆವು ಇದಕ್ಕಿಂತ ದೊಡ್ಡದು. ಕರ್ಣನಿಗೆ ಸಾಕುಮನೆಯಲ್ಲಿ ತಮ್ಮಂದಿರಿದ್ದರು. ವಿರಾಟಪರ್ವದ ಗೋಗ್ರಹಣದ ಕಾಳಗದಲ್ಲಿ ಕರ್ಣನ ತಮ್ಮನಾದ ಸಂಗ್ರಾಮಜಿತ್ತು ಅರ್ಜುನನ ಬಾಣಕ್ಕೆ ಬೀಳುತ್ತಾನೆ. ದ್ರೋಣಪರ್ವದಲ್ಲಿಯೂ ಅವನ ತಮ್ಮಂದಿರು ಅವನ ಕಣ್ಣೆದುರಿಗೇ ಅರ್ಜುನನಿಂದ ಹತರಾಗುತ್ತಾರೆ. ಕರ್ಣಾರ್ಜುನರು ಅಣ್ಣತಮ್ಮಂದಿರಾಗಿಯೂ ಒಬ್ಬರೊಡನೊಬ್ಬರು ಹೋರಾಡಿದರೆಂದು ಮರುಗುವ ನಾವು, ಜೊತೆಯಲ್ಲಿ ಉಂಡು ಬೆಳೆದ ಈ ತಮ್ಮಂದಿರಿಗಾಗಿ ಒಂದು ಹನಿಯನ್ನೂ ಸುರಿಸಲಿಲ್ಲ. ಧಾರಾವಾಹಿಯ ಕಥನದಲ್ಲಿ ಅವರಿಗೆ ಹೇಳಿಕೊಳ್ಳುವಂತಹ ಸ್ಥಾನವೇ ದೊರೆಯಲಿಲ್ಲ. ನಮ್ಮ ಭಾಷೆಯಲ್ಲಿಯೂ ‘ಒಡಹುಟ್ಟಿದವರು’ ಎಂಬ ಪದವಿದೆ. ಒಡನೆ ಬೆಳೆದವರಿಗೆ ಅಷ್ಟೇ ಗೌರವದ ಒಂದು ಪದವಿಲ್ಲ.

ನಮ್ಮ ಆದಿಕವಿ ಪಂಪನು ಹತ್ತನೆಯ ಶತಮಾನದಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಬರೆದ ಆ ಕಾವ್ಯದಲ್ಲಿಯೂ, ಅರ್ಜುನನಿಂದ ಹತನಾದ ಕರ್ಣನನ್ನು ನೆನೆಯಿರೆಂದು ಜೈನಕವಿಯು ಕೇಳಿಕೊಂಡದ್ದು ಅವನ ಹಿರಿಮೆ. ಪಂಪನ ಕರ್ಣನಲ್ಲಿ ಒಡೆಯನ ಋಣವೇ ಮುಂದು. ದುರ್ಯೋಧನನ ನಂಬಿಕೆಗೆ ಎರಡು ಬಗೆಯಲಾರದ ಸ್ವಾಮಿನಿಷ್ಠೆ ಅವನದು. ಇಲ್ಲಿ ಶ್ರಾವಕರಾದ ನಾವು ವಿವೇಚಿಸಬೇಕಾದ ಒಂದು ಅಂಶವಿದೆ. ರಾಧೆಯ ಋಣವೂ ದುರ್ಯೋಧನನ ಋಣವೂ ಒಂದೇ ಅಲ್ಲ. ಮೊದಲನೆಯದನ್ನು ಕರ್ಣನು ತನ್ನ ರಾಜ್ಯವನ್ನು ಬಿಟ್ಟು ತೀರಿಸಿದನು. ಎರಡನೆಯದನ್ನು ಅನ್ಯಜೀವಗಳನ್ನು ಕೊಂದು ತೀರಿಸಿದನು. ತನ್ನ ಸಾಲವನ್ನು ಪರರ ತಿಜೋರಿಯಿಂದ ತೀರಿಸುವವನನ್ನು ವ್ಯಾಪಾರಸ್ಥರಾದ ನಾವು ಪ್ರಾಮಾಣಿಕನೆಂದು ಕರೆಯುವುದಿಲ್ಲ. ಭರತ ಬಾಹುಬಲಿಗಳಾದರೋ ಸೈನ್ಯಗಳನ್ನು ಬದಿಗಿರಿಸಿ, ದೃಷ್ಟಿಯುದ್ಧ ಜಲಯುದ್ಧ ಮಲ್ಲಯುದ್ಧಗಳಲ್ಲಿ ತಮ್ಮ ಜಗಳವನ್ನು ತಾವೇ ಹೊತ್ತರು. ಗೆದ್ದವನು ಗೆಲುವನ್ನೇ ತೊರೆದನು. ಕರ್ಣನ ಕಥೆಯಲ್ಲಿ ಅನುಕರಣೀಯವಾದುದು ಯುದ್ಧದ ನಿಷ್ಠೆಯಲ್ಲ, ತೊಟ್ಟಿಲಿನ ನಿಷ್ಠೆ.

ನಮ್ಮ ಪುರಾಣಗಳಲ್ಲಿ ಇದಕ್ಕೆ ಸಮೀಪದ ಇನ್ನೊಂದು ಕಥೆಯಿದೆ. ದೇವಕಿಯ ಆರು ಮಕ್ಕಳು ಹುಟ್ಟಿದೊಡನೆಯೇ ದೇವನೊಬ್ಬನಿಂದ ಬೇರೊಬ್ಬ ತಾಯಿಯ ಮಡಿಲು ಸೇರುತ್ತಾರೆ. ದಿಗಂಬರರ ಹರಿವಂಶಪುರಾಣದಲ್ಲಿ ಆ ತಾಯಿ ಅಲಕೆ; ಶ್ವೇತಾಂಬರರ ಅಂತಕೃದ್ದಶಾಂಗದಲ್ಲಿ ಸುಲಸೆ. ಬೆಳೆದು ದೀಕ್ಷೆ ಪಡೆದ ಆರು ಮುನಿಗಳು ಇಬ್ಬಿಬ್ಬರಾಗಿ ಮೂರು ಸಲ ದೇವಕಿಯ ಮನೆಗೆ ಆಹಾರಕ್ಕೆ ಬರುತ್ತಾರೆ. ರೂಪ ಒಂದೇ ಆದುದರಿಂದ, ಬಂದವರೇ ಮತ್ತೆ ಬಂದರೇಕೆಂದು ಅವಳಿಗೆ ಸಂಶಯ. ನೇಮಿನಾಥ ತೀರ್ಥಂಕರರಿಂದ ನಿಜವನ್ನು ತಿಳಿದು ಅವಳು ಅವರನ್ನು ನೋಡಿದಾಗ ಎದೆಯಲ್ಲಿ ಹಾಲು ಉಕ್ಕಿತೆಂದು ಆಗಮವು ಹೇಳುತ್ತದೆ. ವಾಚಕರು ಎರಡು ಕಥೆಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ದೇವಕಿಗೆ ಹಾಲು ಬಂದದ್ದು ಇವರು ತನ್ನವರೆಂದು ತಿಳಿದ ಮೇಲೆ. ರಾಧೆಗೆ ಹಾಲು ಬಂದದ್ದು ಇವನು ತಾನು ಹೆತ್ತವನಲ್ಲವೆಂದು ತಿಳಿದೂ. ಎರಡನ್ನೂ ತೂಗಿ ಒಂದನ್ನು ಕೀಳೆನ್ನುವ ಅಧಿಕಾರ ಯಾರಿಗಿದೆ?

ಅಲ್ಲದೆ ದತ್ತಕದ ವಿಷಯದಲ್ಲಿ ಜೈನರ ನಿಲುವು ಮೊದಲಿನಿಂದಲೂ ವಿಶಿಷ್ಟವಾದುದು. ನಮ್ಮಲ್ಲಿ ಪಿಂಡಪ್ರದಾನವಿಲ್ಲ, ಜೀವನು ತನ್ನ ಕರ್ಮದಿಂದಲೇ ಬಿಡುಗಡೆ ಹೊಂದಬೇಕೇ ಹೊರತು ಮಗನ ಕೈಯ ಅನ್ನದಿಂದಲ್ಲ. ಆದ್ದರಿಂದ ಜೈನರಲ್ಲಿ ದತ್ತಕವು ಪರಲೋಕಕ್ಕಾಗಿ ಮಾಡುವ ವಿಧಿಯಲ್ಲ, ಲೌಕಿಕವಾದ ಏರ್ಪಾಡು. ಜೈನವಿಧವೆಯು ಪತಿಯ ಅನುಮತಿಯಿಲ್ಲದೆಯೂ ದತ್ತು ಪಡೆಯಬಹುದೆಂಬ ಆಚಾರವನ್ನು ಪ್ರಿವಿ ಕೌನ್ಸಿಲ್ 1878ರಲ್ಲಿಯೇ ಎತ್ತಿಹಿಡಿಯಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮದಂತೆ, ದತ್ತಕವಾದ ದಿನದಿಂದ ಆ ಮಗು ಸಕಲ ಉದ್ದೇಶಗಳಿಗೂ ಆ ಮನೆಯದೇ. ಪಿಂಡದ ಆಸೆಯನ್ನು ಕಳೆದ ಮೇಲೆ ಮಗುವನ್ನು ಸಾಕಲು ಉಳಿಯುವ ಮುಖ್ಯ ಕಾರಣ ವಾತ್ಸಲ್ಯವೇ. ಸಂಸಾರಾನುಪ್ರೇಕ್ಷೆಯನ್ನು ಓದುವ ನಾವು, ಅನಂತ ಜನ್ಮಗಳಲ್ಲಿ ಪ್ರತಿ ಜೀವವೂ ನಮಗೆ ತಾಯಿಯೋ ತಮ್ಮನೋ ಆಗಿತ್ತೆಂದು ಒಪ್ಪುತ್ತೇವೆ. ಒಪ್ಪಿದ ಮಾತು ಆಚರಣೆಯಲ್ಲಿ ಎಷ್ಟು ನಿಲ್ಲುತ್ತದೆ?

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳದಿದ್ದರೆ ಈ ವಿಮರ್ಶೆ ಪರರಿಗೆ ಮಾಡುವ ಉಪದೇಶವಾದೀತು. ನನ್ನ ತಂದೆಯವರು ತೀರಿಹೋದ ಬಂಧುವೊಬ್ಬರ ನಾಲ್ಕು ವರ್ಷದ ಮಗನನ್ನು ಮನೆಗೆ ತಂದು ಸಾಕಿದರು. ಸ್ವಂತ ಮಗನಾಗಿ ನಾನಿದ್ದುದರಿಂದ ಮೇಲೆ ಹೇಳಿದ ಕಾನೂನಿನಂತೆ ಅವನನ್ನು ದತ್ತು ಪಡೆಯಲು ಬರುತ್ತಿರಲಿಲ್ಲ, ಹಾಗಾಗಿ ಪತ್ರವಾಗಲಿಲ್ಲ. ಮೃತ್ಯುಪತ್ರದಲ್ಲಿ ಮಾತ್ರ ಇಬ್ಬರಿಗೂ ಸಮಪಾಲು ಬರೆದಿದ್ದರು. ನಾನು ಅದನ್ನು ಒಂದು ಪೈಸೆಯ ವ್ಯತ್ಯಾಸವಿಲ್ಲದೆ ನಡೆಸಿ, ಕರ್ತವ್ಯ ಮುಗಿಯಿತೆಂದು ತಿಳಿದೆ. ಅದಕ್ಕೂ ಮೊದಲು, ಬಿ.ಕಾಂ. ಓದಿದವನೆಂದು ಬಸದಿಯೊಂದರ ಟ್ರಸ್ಟಿನವರು ಕುಟುಂಬಗಳ ವಹಿಯನ್ನು ಸಿದ್ಧಪಡಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಅಭಿಷೇಕದ ಸರದಿಯ ಲೆಕ್ಕಕ್ಕೆಂದು ನಾನೇ ಅದರಲ್ಲಿ ‘ಸ್ವಂತ, ದತ್ತು, ಸಾಕು’ ಎಂದು ಒಂದು ಅಂಕಣ ಎಳೆದೆ. ಯಾರೂ ಕೇಳಿರಲಿಲ್ಲ, ಲೆಕ್ಕ ಅಚ್ಚುಕಟ್ಟಾಗಿರಲೆಂದು ಎಳೆದದ್ದು. ತಮ್ಮನ ಸರದಿ ಬಂದಾಗ ಅವನು ಮಾತಾಡದೆ ‘ಸಾಕು’ ಎಂದು ಬರೆದು ಲೇಖನಿಯನ್ನು ಮುಚ್ಚಿಟ್ಟ. ನಮ್ಮ ಭಾಷೆಯಲ್ಲಿ ಆ ಪದಕ್ಕಿರುವ ಇನ್ನೊಂದು ಅರ್ಥವು ಅಂದು ನನಗೆ ಹೊಳೆಯಲಿಲ್ಲ. ಪಾಲಿನಲ್ಲಿ ಮಾಡದ ಭೇದವನ್ನು ನಾನು ವಹಿಯಲ್ಲಿ ಮಾಡಿದ್ದೆ.

2020ರಲ್ಲಿ ಆ ಕಂತನ್ನು ಮತ್ತೆ ನೋಡಿದ ರಾತ್ರಿ ನಿದ್ದೆ ಬರಲಿಲ್ಲ. ಬಸ್ಸುಗಳು ಮತ್ತೆ ಓಡತೊಡಗಿದ ಮೇಲೆ ಹರಪನಹಳ್ಳಿಗೆ ಹೋಗಿ, ಅಲ್ಲಿ ಅಂಗಡಿ ಇಟ್ಟುಕೊಂಡಿರುವ ತಮ್ಮನ ಮುಂದೆ ಆ ಮಾತನ್ನು ತೆಗೆದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಅಣ್ಣಾ, ಅವತ್ತು ಏನ್ ಬರೀಲಿ ಅಂತ ನಿನ್ನ ಮಾರಿ ನೋಡಿದ್ದೆ. ನೀನು ಲೆಕ್ಕ ಬರಿಯಾಕತ್ತಿದ್ದಿ.”

ಧಾರಾವಾಹಿಯ ಕಲಾವಿದರು ರಾಧೆಯನ್ನು ಮರೆತರೆಂದು ದೂರುವ ಹಕ್ಕು ನನಗೆ ಎಷ್ಟಿದೆಯೆಂಬುದನ್ನು ವಾಚಕರೇ ನಿರ್ಣಯಿಸಲಿ. ದೂರನ್ನು ಮಾತ್ರ ಹಿಂತೆಗೆದುಕೊಳ್ಳಲಾರೆ. ಕೋಟ್ಯಂತರ ಜನರು ಒಟ್ಟಿಗೆ ನೋಡುವ ಕಥೆಯು ಕೋಟ್ಯಂತರ ಮನೆಗಳ ನಡೆಯನ್ನು ತಿದ್ದಬಲ್ಲದು, ಕೆಡಿಸಬಲ್ಲದು. ಸಾಕಿದ ಮನೆಯನ್ನು ನತದೃಷ್ಟವೆಂದು ತೋರಿಸುವ ಪ್ರತಿ ದೃಶ್ಯವೂ ಎಲ್ಲೋ ಒಂದು ಪಡಸಾಲೆಯಲ್ಲಿ ಕುಳಿತ ಸಾಕುಮಗುವಿನ ಕಣ್ಣಿಗೂ ಬೀಳುತ್ತದೆ.

ಕೂಡ್ಲಿಗಿಯಿಂದ ಹಡಗಲಿಯವರೆಗಿನ ನಮ್ಮ ಬಸದಿಗಳ, ಮಂದಿರಗಳ ಟ್ರಸ್ಟಿಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ವಹಿಗಳಲ್ಲಿ ಇಂತಹ ಅಂಕಣವಿದ್ದರೆ ತೆಗೆದುಹಾಕಿರಿ. ತಂದೆತಾಯಿಯರ ಹೆಸರು ಇದ್ದರೆ ಸಾಲದೇ? ಮನೆಯವರಲ್ಲಿಯೂ ಒಂದು ಮಾತು. ಸಾಕಿದ ಮಗುವಿಗೆ ನಿಜವನ್ನು ಎಳವೆಯಲ್ಲಿಯೇ ಪ್ರೀತಿಯಿಂದ ತಿಳಿಸಿರಿ. ಕುಂತಿಯ ಮೌನವು ಎಷ್ಟು ಮನೆಗಳನ್ನು ಸುಟ್ಟಿತೆಂಬುದನ್ನು ಬಲ್ಲೆವು. ನಿಜವನ್ನು ತಿಳಿದ ಮೇಲೂ ಮಗು ತನ್ನನ್ನು ರಾಧೇಯನೆಂದೇ ಕರೆದುಕೊಳ್ಳುವಂತಿರಬೇಕು ನಮ್ಮ ಮನೆ. ನಾನು ಗೆರೆ ಎಳೆದ ಆ ಹಳೆಯ ವಹಿಯು ತುಂಬಿ ಈಗ ಹೊಸ ವಹಿ ಬಂದಿದೆ. ಅದರಲ್ಲಿ ತಮ್ಮನ ಹೆಸರನ್ನು ನಾನೇ ಬರೆದೆ. ಅದರ ಮುಂದೆ ನಮ್ಮ ತಂದೆಯವರ ಹೆಸರನ್ನಲ್ಲದೆ ಬೇರೇನನ್ನೂ ಬರೆಯಲಿಲ್ಲ.