ಕಲ್ಪಿತ ಗ್ರಾಹಕರ ಶಿಷ್ಟಾಚಾರ

ಮನೆಮನೆಯ ಬ್ರಾಡ್‌ಬ್ಯಾಂಡ್ ಸಂಪರ್ಕಗಳೆಲ್ಲವೂ ಅಂತರ್ಜಾಲವನ್ನು ಸೇರುವ ಮುನ್ನ ಹಾದುಹೋಗಬೇಕಾದ, ಬಿಎನ್‌ಜಿ ಎಂಬ ಗೇಟ್‌ವೇ ಯಂತ್ರವನ್ನು, ಅದರ ಮುಂದೆ ನಿಜವಾದ ಮನೆಯೊಂದೂ ಇಲ್ಲದಿರುವಾಗಲೇ, ಸಹಸ್ರಾರು ಗ್ರಾಹಕರನ್ನು ಕಲ್ಪಿಸಿ ಪರೀಕ್ಷಿಸುವ ವಿದ್ಯೆಯೊಂದುಂಟು. ಆರ್‌ಟಿಬ್ರಿಕ್ ಸಂಸ್ಥೆ ಮುಕ್ತ ತಂತ್ರಾಂಶವಾಗಿ ಹೊರತಂದಿರುವ ಬಿಎನ್‌ಜಿ ಬ್ಲಾಸ್ಟರ್ ಆ ವಿದ್ಯೆಯ ಗಣ್ಯ ಸಾಧನಗಳಲ್ಲೊಂದು. ಬಹುಮೂಲ್ಯದ ಪರೀಕ್ಷಾಯಂತ್ರಗಳಿಗೆ ಮೀಸಲೆನಿಸಿದ್ದ ಕಾರ್ಯವನ್ನು ಸಾಧಾರಣ ಲಿನಕ್ಸ್ ಗಣಕದಲ್ಲಿ ಅದು ನೆರವೇರಿಸುವುದು ಶ್ಲಾಘ್ಯವೇ. ಆದರೂ ಅದರ ಹಿರಿಮೆಯನ್ನು ನಾನು ಅನ್ಯತ್ರ ಕಾಣುತ್ತೇನೆ.

1999ರ ಆರ್‌ಎಫ್‌ಸಿ 2516 ನಿರೂಪಿಸಿದ ಪಿಪಿಪಿಒಇ ಎಂಬ ಸಂಪರ್ಕಕ್ರಮದಲ್ಲಿ ಗ್ರಾಹಕನ ಉಪಕರಣ ಪಿಎಡಿಐ ಎಂಬ ಕರೆಯನ್ನು ಹೊರಡಿಸಿ, ಗೇಟ್‌ವೇಯ ಉತ್ತರವನ್ನು ಪಡೆದು, ಸಂಪರ್ಕದ ನಿಯಮಗಳನ್ನು ಗೊತ್ತುಮಾಡುವ ಎಲ್‌ಸಿಪಿ ಸಂಧಾನವನ್ನೂ ಸಾಮಾನ್ಯವಾಗಿ ರೇಡಿಯಸ್ ಸರ್ವರಿನ ಮೂಲಕ ನಡೆಯುವ ಗುರುತಿನ ಪರಿಶೀಲನೆಯನ್ನೂ ದಾಟಿ, ಐಪಿ ವಿಳಾಸವನ್ನು ಸ್ವೀಕರಿಸಿದಾಗ ಸೆಷನ್ ಸ್ಥಾಪಿತವಾಯಿತೆನ್ನುತ್ತಾರೆ. ಇಲ್ಲಿಗೇ ತೃಪ್ತರಾಗಿ, ಎಷ್ಟು ಸಾವಿರ ನಿಂತವೆಂಬ ಸಂಖ್ಯೆಯನ್ನೇ ವರದಿಯ ನೆತ್ತಿಯಲ್ಲಿ ಬರೆಯುವವರುಂಟು. ಆದರೆ ನಿಯಂತ್ರಣ ವಿಭಾಗದ ಲೆಕ್ಕದಲ್ಲಿ ಸಜೀವವಾಗಿರುವ ಸೆಷನ್ನಿನ ನಮೂದು ಪ್ಯಾಕೆಟ್ಟುಗಳನ್ನು ಸಾಗಿಸುವ ಚಿಪ್ಪಿನಲ್ಲಿ ಬೀಳದೆಹೋಗುವುದು ಅಸಂಭವವೇನಲ್ಲ. ಆಗ ವಿಳಾಸವೂ ದೊರೆತಿರುತ್ತದೆ, ಎಲ್‌ಸಿಪಿಯ ಕ್ಷೇಮಪ್ರಶ್ನೆಗೆ ಪ್ರತ್ಯುತ್ತರವೂ ಬರುತ್ತಿರುತ್ತದೆ, ಬಳಕೆದಾರನಿಗೆ ಮಾತ್ರ ಒಂದು ಪುಟವೂ ತೆರೆಯದು. ಬ್ಲಾಸ್ಟರ್ ಪ್ರತಿಯೊಂದು ಸೆಷನ್ನಿನ ಎರಡು ದಿಕ್ಕುಗಳಲ್ಲಿಯೂ ಕ್ರಮಸಂಖ್ಯೆ ಹೊತ್ತ ಪ್ಯಾಕೆಟ್ಟುಗಳನ್ನು ಹರಿಯಬಿಟ್ಟು, ತಲಪಿದುವೆಷ್ಟು, ನಡುವೆ ಕಳೆದುವೆಷ್ಟು ಎಂದು ಎಣಿಸುವುದರಿಂದ ಈ ಸುಳ್ಳು ಜೀವ ಬಯಲಾಗುತ್ತದೆ.

ನನ್ನ ಆಕ್ಷೇಪವಿರುವುದು ಬ್ಲಾಸ್ಟರಿನ ಈ ಕಲ್ಪಿತ ಗ್ರಾಹಕರ ವಿನಯದ ಬಗ್ಗೆ. ಬೇರೆ ಆದೇಶವಿಲ್ಲದಿದ್ದರೆ ಸೆಕೆಂಡಿಗೆ 400ರ ವೇಗದಲ್ಲಿ, ಪಂಕ್ತಿಭೋಜನಕ್ಕೆ ಬಂದ ಶಿಷ್ಟರಂತೆ, ಅವರು ಸಾಲಾಗಿ ಬರುತ್ತಾರೆ. ವಿದ್ಯುತ್ತು ಹೋಗಿ ಮರಳಿದ ಬಡಾವಣೆಯಲ್ಲಿ ಹಾಗೆ ನಡೆಯುವುದುಂಟೆ? ರೌಟರುಗಳೆಲ್ಲ ಏಕಕಾಲಕ್ಕೆ ಎಚ್ಚೆತ್ತು ಕರೆಯುತ್ತವೆ. ಪಿಎಡಿಟಿಯೆಂಬ ವಿದಾಯವನ್ನು ಹೇಳಲು ಅವಕಾಶವೇ ಇಲ್ಲದೆ ಅವು ಬಿಟ್ಟುಹೋದ ಹಳೆಯ ಸೆಷನ್ನುಗಳ ಪ್ರೇತಗಳನ್ನು ಗೇಟ್‌ವೇ ಇನ್ನೂ ಹೊತ್ತಿರುತ್ತದೆ. ರೇಡಿಯಸ್ ಬಳಲಿ ತಡಮಾಡಿದರೆ, ಉತ್ತರಕ್ಕೆ ಕಾದು ಸೋತವು ಮತ್ತೆ ಕರೆಯಲಾರಂಭಿಸಿ, ಭಾರ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ವೇಗವನ್ನು ಹೆಚ್ಚಿಸಲು ಸಾಧನದಲ್ಲಿ ಅಡ್ಡಿಯಿಲ್ಲವಾದುದರಿಂದ ದೋಷದ ಹೆಚ್ಚಿನ ಪಾಲು ಪರೀಕ್ಷಕನದೇ, ನಿಜ. ಆದರೆ ಅಗ್ಗದ ರೌಟರಿನ ಅವಿವೇಕವನ್ನು ಯಾವ ಸಂರಚನಾ ಕಡತವೂ ತಾನಾಗಿ ಊಹಿಸಿಕೊಡಲಾರದು. ಆದುದರಿಂದ ವರದಿಯೊಂದನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಹುಡುಕುವುದು ಸೆಷನ್ನುಗಳ ಗರಿಷ್ಠ ಸಂಖ್ಯೆಯನ್ನಲ್ಲ, ರೇಡಿಯಸ್ಸನ್ನು ಬೇಕೆಂದೇ ನಿಧಾನಗೊಳಿಸಿ ಎಲ್ಲವನ್ನೂ ಒಮ್ಮೆಗೇ ಕೆಡವಿದ ಮೇಲೆ, ಕಟ್ಟಕಡೆಯ ಗ್ರಾಹಕನ ಮೊದಲ ಪ್ಯಾಕೆಟ್ಟು ದಾಟುವವರೆಗೆ ಹಿಡಿದ ಕಾಲವನ್ನು.