ಬೀಗ ಹಾಕಿದ ಮನೆಯ ಮುಂದೆ ನಿಂತ ಸಮೀಕ್ಷೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವ ರೂಢಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಿಂದ ಗಟ್ಟಿಯಾಯಿತು. 2002ರ ಆ ವರದಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು 114ನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲೂ ತೀರ ಕೆಳಗಿನ 39ರ ಸಾಲಿನಲ್ಲಿ ಆಗಿನ ಬಿಜಾಪುರ, ಈಗಿನ ವಿಜಯಪುರ ಜಿಲ್ಲೆಯ ಈ ನಾಲ್ಕೂ ಕೂತವು. ಉತ್ತರ ಕರ್ನಾಟಕದ ಸಿಟ್ಟಿಗೆ ಅಂಕಿಯ ಬಲ ಕೊಟ್ಟ ವರದಿ ಅದು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಯೋಜನೆಯನ್ನೂ ಅದು ಮುಂದಿಟ್ಟಿತು. ಅದರ ಮೇಲೆ ನನಗೆ ಗೌರವವಿದೆ. ಆದರೆ ತಾಲ್ಲೂಕುಗಳನ್ನು ಅಳೆಯಲು ಅದು ಬಳಸಿದ 35 ಸೂಚಕಗಳ ಪಟ್ಟಿ ನೋಡಿದಾಗಲೆಲ್ಲ ಒಂದು ಕೊರತೆ ಚುಚ್ಚುತ್ತದೆ. ಟ್ರ್ಯಾಕ್ಟರ್ ಇದೆ, ಬ್ಯಾಂಕ್ ಶಾಖೆ ಇದೆ, ಆಸ್ಪತ್ರೆಯ ಹಾಸಿಗೆ ಇದೆ. ದುಡಿಯುವವರಲ್ಲಿ ಕೃಷಿ ಕೂಲಿಗಳೆಷ್ಟು ಎಂಬ ಲೆಕ್ಕವೂ ಇದೆ. ಆ ಕೂಲಿಯವರ ತಲೆಯ ಮೇಲಿನ ಸೂರು ಮಾತ್ರ ಇಲ್ಲ.

ಸೂರನ್ನು ಎಣಿಸಿದ್ದು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಮೇಲೆ ತಗಡೋ ಹುಲ್ಲೋ, ಕೋಣೆ ಎಷ್ಟು ಎಂದು ಕೇಳಿತು; ಭೂಮಿಯಿಲ್ಲದ ಕೂಲಿ ಕುಟುಂಬ ಯಾವುದು ಎಂದೂ ಬರೆದುಕೊಂಡಿತು. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಪಟ್ಟಿ ಹುಟ್ಟಿದ್ದು ಅದರಿಂದಲೇ. ಆದರೆ ದೀಪಾವಳಿಯ ಹೊತ್ತಿಗೆ ಕಬ್ಬು ಕಡಿಯುವ ಕೂಲಿಗೆಂದು ಲಂಬಾಣಿ ತಾಂಡಾ ಬಿಟ್ಟು ಯುಗಾದಿಗೆ ಮರಳುವ ಕುಟುಂಬ ನಡುವಿನ ತಿಂಗಳುಗಳಲ್ಲಿ ಎಲ್ಲಿ ಮಲಗುತ್ತದೆ ಎಂದು ಅದು ಕೇಳಲಿಲ್ಲ. ಯಾವ ಸಮೀಕ್ಷೆಯೂ ಕೇಳಿಲ್ಲ ಎಂಬಷ್ಟು ಈ ಪ್ರಶ್ನೆ ನಮ್ಮ ಯೋಜನೆಗಳಿಂದ ದೂರ ಉಳಿದಿದೆ.

ಎಣಿಸುವ ತಿಂಗಳನ್ನೇ ನೋಡಿ. 2011ರ ಜನಗಣತಿಯಲ್ಲಿ ಜನರನ್ನು ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. 2027ರ ಗಣತಿಯ ಜನಸಂಖ್ಯೆ ಎಣಿಕೆಗೂ ಗೊತ್ತುಮಾಡಿರುವುದು ಫೆಬ್ರವರಿಯೇ. ಅದು ಕಬ್ಬಿನ ಹಂಗಾಮಿನ ನಟ್ಟನಡುವೆ. ಆಗ ತಾಂಡಾದ ಮನೆಗಳಿಗೆ ಬೀಗ. ಒಳಗಿದ್ದರೆ ಮುದುಕಿಯೊಬ್ಬಳು, ಅವಳ ಸುಪರ್ದಿಗೆ ಬಿಟ್ಟ ಮೊಮ್ಮಕ್ಕಳು. ಗಂಡ ಹೆಂಡಿರು ಬೆಳಗಾವಿ, ಬಾಗಲಕೋಟೆ ಇಲ್ಲವೇ ಕೊಲ್ಲಾಪುರ, ಸಾಂಗ್ಲಿಯ ಕಬ್ಬಿನ ಗದ್ದೆಯ ಬದುವಿನಲ್ಲಿ, ತಾಡಪತ್ರಿಯ ಕೆಳಗೆ ಇರುತ್ತಾರೆ. ಇನ್ನು ಕೆಲವರು ಗೋವಾ, ಮಂಗಳೂರು, ಬೆಂಗಳೂರಿನ ಕಟ್ಟಡ ಕೆಲಸದ ತಗಡಿನ ಶೆಡ್ಡುಗಳಲ್ಲಿ. ಊರಲ್ಲಿರುವ ಮನೆ ಕಾಗದದ ಮೇಲೆ ಖಾಲಿ ಮನೆ. ಗದ್ದೆಯ ಬದುವಿನದು ಮನೆಯೆಂದೇ ಲೆಕ್ಕಕ್ಕಿಲ್ಲ. ಒಂದೇ ಕುಟುಂಬಕ್ಕೆ ಎರಡು ಕಡೆ ಸೂರು ಬೇಕು. ನಮ್ಮ ಲೆಕ್ಕ ಎರಡು ಕಡೆಯೂ ಸೊನ್ನೆ ಬರೆಯುತ್ತದೆ.

ಊರಿನ ಮನೆಯ ಕಷ್ಟ ಬೇರೆ ಥರದ್ದು. ಆವಾಸ್ ಯೋಜನೆಯ ನೆರವು ಬಯಲುಸೀಮೆಗೆ 1.20 ಲಕ್ಷ ರೂಪಾಯಿ, 2016ರಲ್ಲಿ ಗೊತ್ತುಮಾಡಿದ ಮೊತ್ತ. ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆಯ ಜಾಗವೂ ಸೇರಿ. ಮೊದಲ ಕಂತು ಬಿಟ್ಟರೆ ಉಳಿದ ಹಣ ಬರುವುದು ಕೆಲಸದ ಹಂತ ನೋಡಿ, ಫೋಟೊ ಏರಿಸಿದ ಮೇಲೆ. ಈ ಸೀಮೆಯ ಎರೆಮಣ್ಣು ಬಲ್ಲವರಿಗೆ ಇದರ ತೊಡಕು ತಕ್ಷಣ ಹೊಳೆಯುತ್ತದೆ. ಎರೆ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಲ್ಮೇಲೆ ಕಟ್ಟಿದ ಗೋಡೆ ಎರಡನೆಯ ವರ್ಷಕ್ಕೆ ಸೀಳುತ್ತದೆ. ಗಟ್ಟಿ ನೆಲ ಸಿಗುವತನಕ ಅಗೆದು ಗರಸು ತುಂಬಬೇಕು. ಆ ಖರ್ಚು ನೆಲದೊಳಗೇ ಹೂತುಹೋಗುತ್ತದೆ, ಫೋಟೊದಲ್ಲಿ ಕಾಣುವುದಿಲ್ಲ. ಕೆಂಪು ಮಣ್ಣಿನ ಊರಿಗೂ ಎರೆಯ ಊರಿಗೂ ಒಂದೇ ದರ ಹಾಕಿದರೆ ಬಡವ ಸಾಲ ಮಾಡುತ್ತಾನೆ. ಆ ಸಾಲ ತೀರಿಸಲು ಕಬ್ಬಿನ ಗ್ಯಾಂಗಿನ ಮುಕಾದಮನ ಹತ್ತಿರ ಮುಂಗಡ ಹಿಡಿಯುತ್ತಾನೆ. ಮನೆ ಕಟ್ಟಿಕೊಂಡದ್ದಕ್ಕಾಗಿ ಮನೆ ಬಿಟ್ಟು ಹೋಗುವ ಈ ಸುತ್ತನ್ನು ಯಾವ ಫಲಾನುಭವಿ ಪಟ್ಟಿಯೂ ತೋರಿಸುವುದಿಲ್ಲ. ಈ ನಾಲ್ಕು ತಾಲ್ಲೂಕುಗಳ ಕೃಷಿ ಕೂಲಿಗಳ ವಸತಿಯದೇ ಒಂದು ಅಧ್ಯಯನ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕಾಗಿ.

ನಾಲ್ಕು ತಾಲ್ಲೂಕುಗಳ ಅಗತ್ಯವೂ ಒಂದೇ ಅಲ್ಲ. ಇಂಡಿಯಲ್ಲಿ ಲಿಂಬೆ, ದ್ರಾಕ್ಷಿಯ ತೋಟಗಳು; ವರ್ಷದ ಆಳು ಹೆಂಡತಿ ಮಕ್ಕಳೊಂದಿಗೆ ತೋಟದ ವಸ್ತಿಯಲ್ಲೇ ಇರುತ್ತಾನೆ. ಅವನಿಗಿರುವ ಸೂರು ಯಜಮಾನನದು. ಕೆಲಸ ಬಿಟ್ಟ ದಿನ ಅದೂ ಹೋಯಿತು. ಸಿಂದಗಿಯ ಭೀಮಾ ತೀರದಲ್ಲಿ ಪ್ರವಾಹದ ಭಯ. ಬಾಗೇವಾಡಿ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರ ಪುನರ್ವಸತಿ ಕೇಂದ್ರಗಳು. ಮುದ್ದೇಬಿಹಾಳದ ತಾಂಡಾಗಳಲ್ಲಿ ಪ್ರಶ್ನೆ ಹಕ್ಕುಪತ್ರದ್ದು. 2023ರ ಜನವರಿಯಲ್ಲಿ ಮಳಖೇಡದಲ್ಲಿ ವಿಜಯಪುರವೂ ಸೇರಿ ಐದು ಜಿಲ್ಲೆಗಳ ತಾಂಡಾ ನಿವಾಸಿಗಳಿಗೆ ಸುಮಾರು 50,000 ಹಕ್ಕುಪತ್ರ ಹಂಚಿದ್ದು ದೊಡ್ಡ ಕೆಲಸ, ನಿಜ. ಆ ಪತ್ರ ಹಿಡಿದವರಲ್ಲಿ ಎಷ್ಟು ಜನ ಗೋಡೆ ಎಬ್ಬಿಸಿದರು ಎಂದು ಮನೆಮನೆಗೆ ಹೋಗಿ ಕೇಳಬೇಕಾದದ್ದು ಅದರ ಮುಂದಿನ ಕೆಲಸ. ನಂತರದ ವರ್ಷಗಳಲ್ಲಿ ಇವೇ ತಾಲ್ಲೂಕುಗಳಿಂದ ಚಡಚಣ, ಆಲಮೇಲ, ದೇವರಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಒಡೆದು ಬಂದಿವೆ. ಹಳೆಯ ನಾಲ್ಕರ ಗಡಿಯಲ್ಲೇ ಅಧ್ಯಯನ ನಡೆದರೆ 2002ರ ಜೊತೆ ಹೋಲಿಸಿ ನೋಡಬಹುದು.

ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಕಾರ್ಮಿಕನಿಗೆ ಲೈನ್ ಮನೆ ಇದೆ. ಅವು ಚೆನ್ನಾಗಿವೆ ಎಂದು ನಾನು ಹೇಳುತ್ತಿಲ್ಲ. ಆದರೆ ಮನೆ ಕೊಡುವುದು ಮಾಲೀಕನ ಹೊಣೆ ಎಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಬರೆದಿಟ್ಟಿತು. ಕಬ್ಬು ಕಡಿಯುವವನಿಗೆ, ಲಿಂಬೆ ಬಿಡಿಸುವವಳಿಗೆ ಅವರ ಹೆಸರು ಹಿಡಿದು ಬರೆದ ಅಂಥ ಕಾಯ್ದೆ ಸಿಕ್ಕಿಲ್ಲ.

ಹಾಗಾದರೆ ಅಧ್ಯಯನಕ್ಕೆ ಹಣ ಯಾರದು? ಇದು ಸಣ್ಣ ಪ್ರಶ್ನೆಯಲ್ಲ, ಹಣ ಕೊಟ್ಟವರ ಪ್ರಶ್ನೆಯೇ ಅಧ್ಯಯನದ ಪ್ರಶ್ನೆಯಾಗುತ್ತದೆ. ವಸತಿ ನಿಗಮವೊಂದೇ ಕೊಟ್ಟರೆ ಕೊನೆಗೆ ಉಳಿಯುವುದು ಮತ್ತೊಂದು ಫಲಾನುಭವಿ ಪಟ್ಟಿ. ಸಕ್ಕರೆ ಕಾರ್ಖಾನೆಗಳಷ್ಟೇ ಕೊಟ್ಟರೆ ಅದು ಆಳು ಸಿಗುವ ಲೆಕ್ಕಾಚಾರಕ್ಕೆ ತಿರುಗುತ್ತದೆ. ನನ್ನ ಮಟ್ಟಿಗೆ ಮೂರು ಕಡೆಯಿಂದ ಹಣ ಕೂಡಬೇಕು. ಕೂಲಿಯವರಲ್ಲಿ ದಲಿತರು, ಲಂಬಾಣಿಗಳು ಹೆಚ್ಚಾಗಿರುವುದರಿಂದ 2013ರ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಬುಡಕಟ್ಟು ಉಪಯೋಜನೆ ಕಾಯ್ದೆಯ ಹಣದಲ್ಲಿ ಒಂದು ಪಾಲು. ಕಾರ್ಖಾನೆಗಳಿಂದ ನುರಿಸಿದ ಪ್ರತಿ ಟನ್ನಿಗೆ ಇಷ್ಟೆಂದು ಒಂದು ಪಾಲು. ಕಬ್ಬು ಕಡಿಯುವವರ ಕಲ್ಯಾಣ ನಿಗಮಕ್ಕಾಗಿ ಮಹಾರಾಷ್ಟ್ರ ಈ ದಾರಿ ಹಿಡಿದಿದೆ. ಉಳಿದದ್ದು ಹಿಂದುಳಿದ ತಾಲ್ಲೂಕುಗಳ ವಿಶೇಷ ಅಭಿವೃದ್ಧಿ ಅನುದಾನದಿಂದ. ಹೊಣೆ ಜಿಲ್ಲಾ ಯೋಜನಾ ಸಮಿತಿಯದಾಗಲಿ. ಮನೆಮನೆಗೆ ಹೋಗುವವರು ವಿಜಯಪುರದಲ್ಲೇ ಇರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರಾಗಲಿ. ನೀರು, ಬಚ್ಚಲು, ಬಾಣಂತನದ ಮಾತನ್ನು ತಾಂಡಾದ ಹೆಣ್ಣುಮಕ್ಕಳು ಅವರ ಮುಂದೆ ಬಿಚ್ಚಿ ಆಡುತ್ತಾರೆ.

ಇಂಥ ಕೆಲಸ ಆಗದ್ದೇನಲ್ಲ. ಕ್ಯಾಲಿಫೋರ್ನಿಯಾದ ಸಲಿನಾಸ್ ಮತ್ತು ಪಹಾರೋ ಕಣಿವೆಗಳಲ್ಲಿ ಸ್ಟ್ರಾಬೆರಿ, ಲೆಟಿಸ್ ಕೀಳುವ ಕೂಲಿಗಳ ವಸತಿಯ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಹೊರಬಂತು. ಎರಡು ಕೌಂಟಿಗಳ ಗಡಿ ದಾಟಿ, ಕಾರ್ಮಿಕರನ್ನೇ ಮಾತಾಡಿಸಿ ಮಾಡಿದ್ದದು. ವರದಿಯ ಜೊತೆಗೇ ಏನು ಮಾಡಬೇಕೆಂಬ ಕ್ರಿಯಾಯೋಜನೆಯೂ ಇತ್ತು.

ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ 2024ರಲ್ಲಿ ರಾಜ್ಯ ಸರ್ಕಾರ ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಳೆಯಲು ಸಮಿತಿ ಮಾಡಿತು. ವಿಜಯಪುರದ ಶಾಸಕರಲ್ಲಿ, ಜಿಲ್ಲಾ ಪಂಚಾಯಿತಿಯಲ್ಲಿ ನನ್ನ ಬೇಡಿಕೆ ಇಷ್ಟೆ: ಈ ಮರು ಅಳತೆಯ ಜೊತೆಗೆ ನಾಲ್ಕು ತಾಲ್ಲೂಕುಗಳ ಕೃಷಿ ಕೂಲಿಗಳ ವಸತಿ ಅಧ್ಯಯನಕ್ಕೆ ಮುಂದಿನ ಬಜೆಟ್ಟಿನಲ್ಲಿ ಹಣ ಇಡಿಸಿ. ಒಂದು ಸುತ್ತು ಶ್ರಾವಣದಲ್ಲಿ ಊರಿನ ಮನೆಗಳಲ್ಲಿ ನಡೆಯಲಿ. ಇನ್ನೊಂದು ಸುತ್ತು ಮಾಘದಲ್ಲಿ, ಕಬ್ಬಿನ ಗದ್ದೆಯ ತಾಡಪತ್ರಿಗಳ ಮುಂದೆ.