ಸಿಮೊನಿ: ನಿಷೇಧದ ಬಲ, ನಿಷೇಧದ ಮಿತಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ನೆಲೆನಿಂತಿರುವ ಕೇರಳ ಮೂಲದ ಸಿರೋ-ಮಲಬಾರ್ ಕ್ರೈಸ್ತರು 2007ರಲ್ಲಿ ರಚನೆಯಾದ ಭದ್ರಾವತಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಅವರ ಗುರುಗಳ ನೇಮಕಕ್ಕೆ ಅನ್ವಯಿಸುವ 1990ರ ಪೌರಸ್ತ್ಯ ಸಭೆಗಳ ಧರ್ಮಸಂಹಿತೆಯ ಪ್ರಕಾರ ಸಿಮೊನಿಯಿಂದ ದೊರೆತ ಪದವಿ ತಾನಾಗಿಯೇ ಅಸಿಂಧು.

ಸಿಮೊನಿ ಎಂದರೆ ಪವಿತ್ರ ಪದವಿಗಳ, ಸಂಸ್ಕಾರಗಳ ಕ್ರಯವಿಕ್ರಯ. ಪವಿತ್ರಾತ್ಮವನ್ನು ದಯಪಾಲಿಸುವ ಶಕ್ತಿಗಾಗಿ ಅಪೊಸ್ತಲರ ಮುಂದೆ ಹಣ ಇಟ್ಟ ಸಮಾರ್ಯದ ಮಾಂತ್ರಿಕ ಸಿಮೋನನಿಂದ ಈ ಹೆಸರು ಬಂದಿದೆ. 451ರ ಕಾಲ್ಸಿಡನ್ ಮಹಾಸಭೆ ಹಣಕ್ಕೆ ದೀಕ್ಷೆ ಕೊಡುವುದನ್ನು ನಿಷೇಧಿಸಿತು. ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗೊರಿ ಇನ್ನಷ್ಟು ಆಳಕ್ಕಿಳಿದು, ಲಂಚವು ಕೈಯಿಂದ ಮಾತ್ರವಲ್ಲ, ಊಳಿಗದಿಂದಲೂ ನಾಲಿಗೆಯಿಂದಲೂ ಸಲ್ಲುತ್ತದೆ ಎಂದು ವಿಂಗಡಿಸಿದ; ಅಂದರೆ ಅನುಚಿತ ಸೇವೆ ಮತ್ತು ಮುಖಸ್ತುತಿ ಕೂಡ ಅವನ ಲೆಕ್ಕದಲ್ಲಿ ಬೆಲೆಯೇ. ಈ ವಿಷಯದ ಬಗ್ಗೆ ಸಭೆಯೊಳಗೆ ಹುಟ್ಟಿದ ಅತ್ಯಂತ ಚುರುಕಾದ ವಿಚಾರ ಇದೇ, ಆದರೆ ಆಚರಣೆಯಲ್ಲಿ ಹೆಚ್ಚು ಮೂಲೆಗೆ ಬಿದ್ದದ್ದೂ ಇದೇ.

ಕೈಯ ಲಂಚವನ್ನು ಹಿಡಿಯುವುದೂ ಸುಲಭವಿರಲಿಲ್ಲ. 1045ರಲ್ಲಿ ಪೋಪ್ ಒಂಬತ್ತನೆಯ ಬೆನೆಡಿಕ್ಟ್ ತನ್ನ ಪೀಠವನ್ನೇ ಹಣಕ್ಕೆ ಬಿಟ್ಟುಕೊಟ್ಟಾಗ ಅದನ್ನು ಪಡೆದ ಆರನೆಯ ಗ್ರೆಗೊರಿ ಸುಧಾರಕರ ಗೌರವಕ್ಕೆ ಪಾತ್ರನಾಗಿದ್ದವನು. ಮರುವರ್ಷ ಸುತ್ರಿಯ ಸಭೆಯ ಬಳಿಕ ಅವನು ಪದಚ್ಯುತನಾಗಿ ಗಡೀಪಾರಾದಾಗ ಜೊತೆಗೆ ಹೋದ ಹಿಲ್ಡಬ್ರಾಂಡ್‌ನೇ ಮುಂದೆ ಏಳನೆಯ ಗ್ರೆಗೊರಿಯಾಗಿ ಸಿಮೊನಿಯ ಕಡುವೈರಿಯಾದ.

ಮಲೆನಾಡಿನ ಈ ಕ್ರೈಸ್ತರ ಪೂರ್ವಜರ ಚರಿತ್ರೆಯಲ್ಲಿ ಪ್ರಶ್ನೆ ಮತ್ತಷ್ಟು ತೊಡಕಾಗುತ್ತದೆ. 1599ರ ಜೂನ್‌ನಲ್ಲಿ ಗೋವೆಯ ಆರ್ಚ್‌ಬಿಷಪ್ ಅಲೆಕ್ಸೊ ದೆ ಮೆನೆಜೆಸ್ ಉದಯಂಪೇರೂರಿನಲ್ಲಿ ಕರೆದ ಸಭೆ, ತೋಮಾ ಕ್ರೈಸ್ತರ ಗುರುಗಳಾದ ಕತ್ತನಾರರು ಸಂಸ್ಕಾರಗಳಿಗೆ ಹಣ ಪಡೆಯುವುದನ್ನು ಸಿಮೊನಿ ಎಂದು ಖಂಡಿಸಿತು. ಖಂಡನೆ ಪೂರ್ತಿ ಅನ್ಯಾಯವೆನ್ನಲಾಗದು. ಆದರೆ ಖಂಡಿಸಿದವರ ಸ್ವಂತ ವ್ಯವಸ್ಥೆಯಲ್ಲಿ, ಧರ್ಮಪ್ರಸಾರದ ಖರ್ಚು ಹೊತ್ತ ಪೋರ್ಚುಗಲ್ ರಾಜನಿಗೆ ಬಿಷಪರನ್ನು ಸೂಚಿಸುವ ‘ಪದ್ರುವಾದೊ’ ಎಂಬ ಹಕ್ಕಿತ್ತು. 1600ರಲ್ಲಿ ತೋಮಾ ಕ್ರೈಸ್ತರ ಅಂಗಮಾಲಿಯ ಪೀಠವೂ ಆ ಹಕ್ಕಿನಡಿ ಬಂತು. ಬಡ ಕತ್ತನಾರನ ಜೇಬಿಗೆ ಬಿದ್ದ ಕಾಸು ಪಾಪವಾಯಿತು, ಖಜಾನೆಯಿಂದ ಇಳಿದು ನೇಮಕದ ಹಕ್ಕಾಗಿ ಮರಳಿದ ಹಣ ಮಾತ್ರ ಧರ್ಮಕಾರ್ಯವೆನಿಸಿತು.

ಗುರುಪದವಿಯನ್ನು ತುಂಬುವ ಬೇರೊಂದು ಬಗೆಯೂ ಇದೆ: ಈ ಕ್ರೈಸ್ತರು ಈಗ ನೆಲೆಸಿರುವ ಸೀಮೆಯಲ್ಲೇ ಇರುವ ಶೃಂಗೇರಿ ಪೀಠದಲ್ಲಿ ಹಾಲಿ ಜಗದ್ಗುರುಗಳೇ ಉತ್ತರಾಧಿಕಾರಿ ಶಿಷ್ಯನನ್ನು ಆಯ್ದು ಸಂನ್ಯಾಸ ಕೊಡುತ್ತಾರೆ. 2015ರ ಜನವರಿಯಲ್ಲಿ ವಿಧುಶೇಖರ ಭಾರತಿಯವರ ಆಯ್ಕೆ ಹಾಗೆಯೇ ನಡೆಯಿತು. ಅಲ್ಲಿ ಇಡೀ ಭಾರ ಒಬ್ಬ ಗುರುವಿನ ವಿವೇಕದ ಮೇಲಿದ್ದರೆ, ಕ್ರೈಸ್ತ ಸಭೆ ಆ ಭಾರವನ್ನು ನಿಯಮದ ಮೇಲೆ ಹೊರಿಸಿದೆ. ಹಣದ ವ್ಯವಹಾರಕ್ಕೆ ರಸೀದಿಯೋ ಸಾಕ್ಷಿಯೋ ಸಿಕ್ಕರೆ ನಿಯಮ ಕೆಲಸ ಮಾಡುತ್ತದೆ, ಆದರೆ ಮಹಾ ಗ್ರೆಗೊರಿ ಹೆಸರಿಸಿದ ನಾಲಿಗೆಯ ಲಂಚವನ್ನು ಸಾಬೀತುಪಡಿಸುವ ದಾರಿ ಯಾವ ಧರ್ಮಸಂಹಿತೆಗೂ ತಿಳಿದಿಲ್ಲ.